ಬಿಸಿ ಇದೆ, ಆದರೂ ಬಟ್ಟೆ ಒಣಗುತ್ತಿಲ್ಲ

ಮಿನಿಯಾಪೊಲಿಸ್, ಜುಲೈ

ತೀರ್ಥರೂಪ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ತಂಗಿ, ಮಗು ಇಬ್ಬರೂ ಆರಾಮಾಗಿದ್ದಾರೆ ಅಂತ ಕೇಳಿ ಸಮಾಧಾನವಾಯಿತು. ತೀರ್ಥಹಳ್ಳಿಯ ಮಳೆಗಾಲದಲ್ಲಿ ಬಾಣಂತನ ಅಂದರೆ ಅಮ್ಮನಿಗೆ ಎಷ್ಟು ಕೆಲಸ ಅಂತ ನನಗೆ ಗೊತ್ತು. ಅದಕ್ಕೇ ಬಟ್ಟೆ ಒಣಗಿಸುವ ಡ್ರೈಯರ್ ತಂದಿದ್ದು ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ. ಮೊನ್ನೆ ಫೋನಿನಲ್ಲಿ ತಂಗಿ ಅದರ ಕಥೆ ಹೇಳುತ್ತಿದ್ದಳು, ಅಷ್ಟರಲ್ಲಿ ಲೈನ್ ಹೋಯಿತು. ಎಷ್ಟು ಹೊತ್ತು ತಿರುಗಿಸಿದರೂ ಬಟ್ಟೆ ಹಸಿಹಸಿ ಅಂತೆ. ರಿಪೇರಿಯವರು ಬಂದು ಹೀಟರ್ ಹೋಗಿದೆ, ಹೊಸದು ಹಾಕಬೇಕು ಅಂದರಂತೆ.

ಅಪ್ಪಯ್ಯ, ಸ್ವಲ್ಪ ತಡೆಯಿರಿ. ಬಾಗಿಲು ತೆಗೆದು ಕೈ ಇಟ್ಟರೆ ಒಳಗೆ ಬಿಸಿ ಇದೆ ಅಂತಲೂ ಅವಳೇ ಹೇಳಿದಳು. ಬಿಸಿ ಬರುತ್ತಿದ್ದರೆ ಮೊದಲ ಅನುಮಾನ ಹೀಟರ್ ಮೇಲೆ ಅಲ್ಲ, ಗಾಳಿಯ ಮೇಲೆ. ಈ ಮೆಷಿನ್ ಗಾಳಿಯನ್ನು ಬಿಸಿ ಮಾಡಿದರೆ ಸಾಲದು, ಬಟ್ಟೆಯ ನೀರು ಹೊತ್ತ ಆ ಗಾಳಿಯನ್ನು ಆಚೆಗೂ ಹಾಕಬೇಕು. ಆಚೆ ಹೋಗುವ ದಾರಿ ಕಟ್ಟಿದರೆ ಒಳಗೆ ಆವಿ ತುಂಬಿಕೊಂಡು ಬಟ್ಟೆ ಬೇಯುತ್ತದೆಯೇ ಹೊರತು ಒಣಗುವುದಿಲ್ಲ.

ಈ ವಸಂತದಲ್ಲಿ ನಮ್ಮ ಮನೆಯಲ್ಲೂ ಹೀಗೇ ಆಯಿತು. ಇಲ್ಲಿ ಡ್ರೈಯರ್ ನೆಲಮಾಳಿಗೆಯಲ್ಲಿದೆ. ಅದರ ಹಿಂದಿನಿಂದ ನಾಲ್ಕು ಇಂಚಿನ ಪೈಪ್ ಗೋಡೆ ದಾಟಿ ಹೊರಗೆ ಹೋಗುತ್ತದೆ. ಹೊರಗಿನ ತುದಿಗೆ ಒಂದು ಸಣ್ಣ ಮುಚ್ಚಳ. ಮೆಷಿನ್ ಓಡುವಾಗ ಗಾಳಿಯ ಒತ್ತಡಕ್ಕೆ ಅದು ತಾನೇ ಮೇಲೆದ್ದು ನಿಲ್ಲಬೇಕು. ಟವೆಲ್ ಒಣಗುತ್ತಿಲ್ಲ ಅಂತ ಹೊರಗೆ ಹೋಗಿ ನೋಡಿದರೆ ಮುಚ್ಚಳ ಸುಮ್ನೆ ಅದುರುತ್ತಿತ್ತು, ಏಳುತ್ತಿರಲಿಲ್ಲ. ಇವರು ಮೆಷಿನ್ ಪ್ಲಗ್ ಕಿತ್ತು, ಮುಂದಕ್ಕೆ ಎಳೆದು, ಪೈಪ್ ಬಿಚ್ಚಿದರು. ಹೊರಗಿನ ತುದಿಯಲ್ಲಿ ಗುಬ್ಬಿಯ ಹಳೇ ಗೂಡು, ಹುಲ್ಲು, ಪ್ಲಾಸ್ಟಿಕ್ ಚೂರು. ಅದರ ಹಿಂದೆ, ಪೈಪ್ ತಿರುಗುವ ಮೂಲೆಯಲ್ಲಿ ಬಟ್ಟೆಯ ಜುಂಗು ಗಟ್ಟಿಯಾಗಿ ಕೂತಿತ್ತು. ಬೂದು ಬಣ್ಣ, ಒದ್ದೆ ಒದ್ದೆ. ಎಳೆದಷ್ಟೂ ಬರುತ್ತಿತ್ತು. ಅದೆಲ್ಲ ತೆಗೆದು ಪೈಪ್ ಮತ್ತೆ ಕೂರಿಸಿದ ದಿನವೇ ಟವೆಲ್ ಗರಿಗರಿಯಾಗಿ ಒಣಗಿತು. ಒಂದು ಬಿಡಿಭಾಗವನ್ನೂ ಕೊಳ್ಳಲಿಲ್ಲ.

ಈ ಜುಂಗಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. 2008ರಿಂದ 2010ರವರೆಗಿನ ಲೆಕ್ಕ ನೋಡಿ ಇಲ್ಲಿನ ಅಗ್ನಿಶಾಮಕ ಆಡಳಿತ ಹೇಳಿದ್ದು, ಬಟ್ಟೆ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಬೆಂಕಿ ಅನಾಹುತ. ಕಾರಣಗಳಲ್ಲಿ ಮೊದಲನೆಯದು ಶುಚಿ ಮಾಡದೆ ಬಿಟ್ಟಿದ್ದು. ಹಾಗಾಗಿ ಇದು ಬರೀ ಬಟ್ಟೆ ಒಣಗುವ ಪ್ರಶ್ನೆಯಲ್ಲ.

ಈಗ ಊರಿನ ಮನೆಯ ಡ್ರೈಯರಿಗೆ ಬರುತ್ತೇನೆ. ಹಿಂದಿನ ಪೈಪ್ ಎಲ್ಲಿಗೆ ಬಿಟ್ಟಿದ್ದಾರೆ, ನೋಡಿ. ತುದಿ ಕೋಣೆಯೊಳಗೇ ಇದ್ದರೆ ಅದೇ ಒದ್ದೆ ಗಾಳಿಯನ್ನು ಮೆಷಿನ್ ಮತ್ತೆ ಎಳೆದುಕೊಳ್ಳುತ್ತದೆ. ಹೊರಗಿನ ಗಾಳಿಯೂ ಮಳೆಗಾಲದಲ್ಲಿ ಒದ್ದೆಯೇ, ಆದರೂ ಒಮ್ಮೆ ಬಿಸಿಯಾದರೆ ಅದಕ್ಕೆ ಇನ್ನಷ್ಟು ನೀರು ಹೊರುವ ಶಕ್ತಿ ಇರುತ್ತದೆ. ಪೈಪ್ ಕಿಟಕಿಯಿಂದ ಹೊರಗೆ ಹೋಗಲಿ, ಆದಷ್ಟೂ ಗಿಡ್ಡ ಇರಲಿ, ನೇರ ಇರಲಿ. ಗೋಡೆಗೆ ಒತ್ತಿ ಮಡಚಿಕೊಂಡಿದ್ದರೆ ಮೆಷಿನ್ ಸ್ವಲ್ಪ ಮುಂದೆ ಎಳೆಸಿ. ಅನುಮಾನ ಪರಿಹಾರಕ್ಕೆ, ಕಿಟಕಿ ತೆರೆದಿಟ್ಟು ಪೈಪ್ ಬಿಚ್ಚಿ ಒಂದು ಸಲ ಓಡಿಸಿ. ಬಟ್ಟೆ ಬೇಗ ಒಣಗಿದರೆ ತಪ್ಪು ಪೈಪಿನದ್ದೇ.

ಬಾಗಿಲ ಹತ್ತಿರ ಜುಂಗು ಹಿಡಿಯುವ ಜಾಲರಿಯನ್ನು ಪ್ರತಿ ಸಲ ಒರೆಸಬೇಕು. ಕಣ್ಣಿಗೆ ಚೊಕ್ಕಟ ಕಂಡರೂ ಸಾಲದು. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ದ್ರವದ್ದೋ ಹಾಳೆಯದ್ದೋ ತೆಳು ಪದರ ಅದರ ಮೇಲೆ ಕೂತಿರುತ್ತದೆ. ನಲ್ಲಿ ಕೆಳಗೆ ಹಿಡಿಯಿರಿ. ನೀರು ಸಲೀಸಾಗಿ ಇಳಿಯದೆ ಮೇಲೇ ನಿಂತರೆ ಸೋಪು, ಹಳೇ ಟೂತ್‌ಬ್ರಷ್ ಹಾಕಿ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಹಾಕಿ. ಅದೇ ಪದರ ಒಳಗಿನ ಎರಡು ಲೋಹದ ಪಟ್ಟಿಗಳ ಮೇಲೂ ಕೂರುತ್ತದೆ. ಒದ್ದೆ ಇದೆಯೋ ಇಲ್ಲವೋ ಅಂತ ಮೆಷಿನ್ ತಿಳಿದುಕೊಳ್ಳುವುದು ಅವುಗಳಿಂದ. ಬಟ್ಟೆ ಒಣಗುವ ಮೊದಲೇ ನಿಂತುಹೋದರೆ ಅವನ್ನು ಒರೆಸಿ.

ಅಪ್ಪಯ್ಯ, ವೋಲ್ಟೇಜ್ ವಿಷಯ ನಿಮಗೇ ಬರೆಯುತ್ತಿದ್ದೇನೆ. ಇಲ್ಲಿ ಡ್ರೈಯರಿಗೆ 240 ವೋಲ್ಟ್, 120ರ ಎರಡು ಲೈನ್ ಸೇರಿ. ಒಂದು ಲೈನ್ ಕಟ್ಟಾದರೆ ಡ್ರಮ್ ತಿರುಗುತ್ತದೆ, ಬಿಸಿ ಮಾತ್ರ ಬರುವುದಿಲ್ಲ. ಒಂದು ಫೇಸ್ ಹೋದಾಗ ನಮ್ಮ ತೋಟದ ಪಂಪು ಗುಂಯ್ ಅನ್ನುತ್ತಾ ನೀರೆತ್ತದೆ ನಿಲ್ಲುವ ಹಾಗೆ. ಇಲ್ಲಿ ಆಗ ಮೊದಲು 30 ಆಂಪಿಯರ್ ಬ್ರೇಕರ್ ಪೂರ್ತಿ ಕೆಳಗೆ ಹಾಕಿ ಮತ್ತೆ ಮೇಲೆತ್ತಿ ನೋಡುತ್ತಾರೆ. ಊರಿನ ಮನೆಯ ಡ್ರೈಯರ್ ಸಿಂಗಲ್ ಫೇಸಿನದು, ಅದಕ್ಕೆ ಈ ತೊಂದರೆ ಇಲ್ಲ. ಆದರೆ ಮಳೆಗಾಲದಲ್ಲಿ ಕರೆಂಟ್ ಡಲ್ ಆಗುತ್ತದಲ್ವಾ? 230ರಲ್ಲಿ 2,000 ವ್ಯಾಟ್ ಕೊಡುವ ಹೀಟರ್ 180ಕ್ಕೆ ಇಳಿದರೆ ಸುಮಾರು 1,200 ವ್ಯಾಟ್ ಮಾತ್ರ ಕೊಡುತ್ತದೆ. ನಿಮ್ಮ ಮೀಟರ್ ಹಿಡಿದು, ಮೆಷಿನ್ ಓಡುವಾಗ ಪಕ್ಕದ ಸಾಕೆಟ್ಟಿನಲ್ಲಿ ಎಷ್ಟಿದೆ ನೋಡಿ. ಡ್ರೈಯರ್ ಹಾಕುವುದು 16 ಆಂಪಿಯರ್ ಸಾಕೆಟ್ಟಿಗೇ ಇರಲಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಪ್ಲಗ್ ಕೈ ಸುಡುವಷ್ಟು ಬಿಸಿಯಾದರೆ ತಕ್ಷಣ ನಿಲ್ಲಿಸಿ.

ಒಂದು ವೇಳೆ ನಾಳೆ ಬಿಸಿ ಪೂರ್ತಿ ನಿಂತರೆ ಹೀಟರ್ ಸುರುಳಿ ಕಡಿದಿರಬಹುದು, ಅಥವಾ ಥರ್ಮಲ್ ಫ್ಯೂಸ್ ಹೋಗಿರಬಹುದು. ಈ ಫ್ಯೂಸ್ ಚಿಕ್ಕದು, ಕಡಿಮೆ ಬೆಲೆಯದು. ಒಳಗೆ ಮಿತಿ ಮೀರಿ ಕಾದಾಗ ಒಂದೇ ಸಲಕ್ಕೆ ಸುಟ್ಟುಹೋಗುತ್ತದೆ, ಬದಲಾಯಿಸಲೇಬೇಕು. ಮೈನ್ ಬೋರ್ಡಿನ ಫ್ಯೂಸಿಗೆ ತಂತಿ ಕಟ್ಟಿದ ಹಾಗೆ ಇದಕ್ಕೆ ಯಾರೂ ತಂತಿ ಕಟ್ಟದ ಹಾಗೆ ನೋಡಿಕೊಳ್ಳಿ, ಕೈ ಮುಗಿಯುತ್ತೇನೆ. ಅದು ಸುಟ್ಟಿದೆ ಅಂದರೆ ಗಾಳಿ ದಾರಿ ಎಲ್ಲೋ ಕಟ್ಟಿದೆ ಅಂತಲೇ ಹೆಚ್ಚಾಗಿ. ಅದನ್ನು ಬಿಡಿಸದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಮೋಟಾರ್ ಸದ್ದಿದ್ದು ಡ್ರಮ್ ತಿರುಗದಿದ್ದರೆ ಬೆಲ್ಟ್. ಸ್ವಿಚ್ ಒತ್ತಿದರೂ ಸದ್ದೇ ಇಲ್ಲದಿದ್ದರೆ ಪ್ಲಗ್, ಆಮೇಲೆ ಬಾಗಿಲ ಸ್ವಿಚ್. ಮುಚ್ಚುವಾಗ ಟಿಕ್ ಅನ್ನಬೇಕು. ಏನು ಬಿಚ್ಚುವುದಿದ್ದರೂ ಪ್ಲಗ್ ಕಿತ್ತ ಮೇಲೆಯೇ.

ಅಮ್ಮ, ಇದು ನಿನಗೆ. ಮಗುವಿಗೆ ಎಣ್ಣೆ ಹಚ್ಚುವಾಗ ಕೆಳಗೆ ಹಾಸುವ ಬಟ್ಟೆ, ಮೈ ಒರೆಸುವ ಪಂಚೆ, ಇವನ್ನು ಡ್ರೈಯರಿಗೆ ಹಾಕಲೇಬೇಡ. ಒಗೆದರೂ ಎಣ್ಣೆ ಪೂರ್ತಿ ಹೋಗಿರುವುದಿಲ್ಲ. ಎಣ್ಣೆ ಇರುವ ಬಟ್ಟೆ ಬಿಸಿಯಾಗಿ, ರಾಶಿ ಬಿದ್ದಲ್ಲೇ ಒಳಗೊಳಗೆ ಇನ್ನೂ ಕಾದು, ಬೆಂಕಿ ಹತ್ತಬಹುದು. ಅವು ಮೊದಲಿನಂತೆ ಬಚ್ಚಲೊಲೆ ಮೇಲಿನ ಗಳದಲ್ಲೇ ಒಣಗಲಿ. ಉಳಿದ ಬಟ್ಟೆಯನ್ನೂ ಡ್ರಮ್ ಅರ್ಧದಷ್ಟೇ ತುಂಬು. ವಾಷಿಂಗ್ ಮೆಷಿನ್ನಿನಿಂದ ತೆಗೆದಾಗ ನೀರು ತೊಟ್ಟಿಕ್ಕುತ್ತಿದ್ದರೆ ಇನ್ನೊಂದು ಸಲ ಹಿಂಡಿಸು. ಕೊನೆಗೆ ಡ್ರೈಯರ್ ತಣ್ಣನೆ ಗಾಳಿಯಲ್ಲಿ ಸ್ವಲ್ಪ ಹೊತ್ತು ತಿರುಗುತ್ತದೆ, ಅದು ಮುಗಿಯುವ ತನಕ ನಿಲ್ಲಿಸಬೇಡ. ರಾತ್ರಿ ಹಾಕಿ ಮಲಗಬೇಡ.

ಪೈಪ್ ನೋಡಿದ ಮೇಲೆ ಏನಿತ್ತು ಅಂತ ತಂಗಿಯ ಹತ್ತಿರ ಹೇಳಿಸಿ. ಮೆಷಿನ್ ಹಿಂದಿನ ಸ್ಟಿಕ್ಕರಿನ ಫೋಟೋನೂ ಕಳಿಸಲಿ, ಮಾಡೆಲ್ ನಂಬರ್ ಇದ್ದರೆ ಅದರ ಕೈಪಿಡಿ ಹುಡುಕಿ ಕಳಿಸುತ್ತೇನೆ. ಭಾನುವಾರ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಹೀಟರಿಗೆ ಅಡ್ವಾನ್ಸ್ ಕೊಡಬೇಡಿ. ಅಜ್ಜಿಗೆ ನಮಸ್ಕಾರ ತಿಳಿಸಿ, ಪುಟ್ಟನಿಗೆ ಮುತ್ತು.

ಇತಿ ನಿಮ್ಮ ಪ್ರೀತಿಯ ಮಗಳು