ಪುಟ್ಟಿಯ ಮೊದಲ ರೈಫಲ್ ಬಗ್ಗೆ

ಪ್ರೀತಿಯ ಅಕ್ಕ ಹಾಗೂ ಭಾವನವರಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿ ಶೂಟಿಂಗ್ ಕಲಿಯಲು ಸೇರಿದ ವಿಷಯ ಓದಿ ತುಂಬಾ ಖುಷಿಯಾಯಿತು. ಭಾವ ಕಳಿಸಿದ ರೈಫಲ್‌ಗಳ ಪಟ್ಟಿ ನೋಡಿದೆ. ಅದರಲ್ಲಿ .22 ಮ್ಯಾಗ್ನಮ್ ಮತ್ತು .17 ಎಚ್‌ಎಂಆರ್ ಎಂಬ ಕಾಡತೂಸು ಹಾರಿಸುವ ಎರಡನ್ನೂ ಈಗಲೇ ಅಳಿಸಿಬಿಡಿ. ಅವುಗಳ ಕಾಡತೂಸು ದುಬಾರಿ, ಸದ್ದೂ ಜಾಸ್ತಿ. ಮೇಲಾಗಿ 50 ಮೀಟರ್ ರೈಫಲ್ ಸ್ಪರ್ಧೆ ನಡೆಯುವುದು .22 ಲಾಂಗ್ ರೈಫಲ್ ಎಂಬ ಕಾಡತೂಸಿನಲ್ಲಿ ಮಾತ್ರ. 1887ರಿಂದ ಬಳಕೆಯಲ್ಲಿರುವ ಈ ಕಾಡತೂಸಿನ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಭುಜಕ್ಕೆ ಒದೆತ ಬಿತ್ತೆಂದೇ ಅನಿಸುವುದಿಲ್ಲ, ಹಾಗಾಗಿ ಕಲಿಯುವವಳ ಗಮನವೆಲ್ಲ ಗುರಿ ಮತ್ತು ಟ್ರಿಗರ್ ಮೇಲೆಯೇ ಉಳಿಯುತ್ತದೆ. ಒಂದು ಎಚ್ಚರಿಕೆ: ಲಾಂಗ್ ರೈಫಲ್ ಕಾಡತೂಸು ಮ್ಯಾಗ್ನಮ್ ಬಂದೂಕಿನೊಳಗೆ ಸಲೀಸಾಗಿ ಇಳಿಯುತ್ತದೆ, ಆದರೆ ಸಡಿಲವಾಗಿ ಕೂರುತ್ತದೆ. ಹಾರಿಸಿದರೆ ಕಾಡತೂಸಿನ ಕೊಳವೆ ಸೀಳಿ ಬಿಸಿ ಅನಿಲ ಮುಖದತ್ತ ಬರಬಹುದು. ಯಾರದೋ ಬಂದೂಕು ಕೈಗೆ ಸಿಕ್ಕಾಗಲೂ ಅವಳು ಬ್ಯಾರೆಲ್ (ನಳಿಗೆ) ಮೇಲೆ ಕೆತ್ತಿದ್ದನ್ನು ಓದಿಯೇ ತುಂಬಲಿ.

ಕೋಚ್ ಮೊದಲು 10 ಮೀಟರ್ ಏರ್ ರೈಫಲ್ ಕೊಟ್ಟರೆ ಬೇಡವೆನ್ನಬೇಡಿ. ನಿಲುವು, ಉಸಿರು, ಟ್ರಿಗರ್ ಎಲ್ಲ ಅಲ್ಲಿ ಕಲಿತದ್ದೇ ಇಲ್ಲಿಗೂ ಬರುತ್ತದೆ.

ಇನ್ನು ಆಯ್ಕೆ. ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ಬಟ್ಟಿನ (ಬಂದೂಕಿನ ಹಿಂಭಾಗದ) ಉದ್ದ, ಅಂದರೆ ಟ್ರಿಗರ್‌ನಿಂದ ಭುಜಕ್ಕೆ ತಾಗುವ ತುದಿಯವರೆಗಿನ ದೂರ. ಪುಟ್ಟಿಯ ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಮಡಿಕೆಯಿಂದ ತೋರುಬೆರಳ ತುದಿಯ ಕಡೆಯ ಮೊದಲ ಗಂಟಿನವರೆಗೆ ಅಳೆಯಿರಿ. ದೊಡ್ಡವರ ರೈಫಲ್‌ಗಳಲ್ಲಿ ಇದು 34–35 ಸೆಂ.ಮೀ. ಇರುತ್ತದೆ, ಮಕ್ಕಳಿಗೆಂದೇ ಮಾಡಿದವುಗಳಲ್ಲಿ 29–30. ಉದ್ದ ಹೆಚ್ಚಾದರೆ ಮಗು ಸೊಂಟದಿಂದ ಹಿಂದಕ್ಕೆ ವಾಲುತ್ತದೆ, ಮುಂಗೈ ಪೂರ್ತಿ ಚಾಚಿಕೊಂಡು ನಡುಗುತ್ತದೆ. ಒಮ್ಮೆ ಅಂಟಿದ ಆ ವಾಲು ಬಿಡಿಸುವುದು ಕಷ್ಟ. ಸ್ವಲ್ಪ ಗಿಡ್ಡವಿದ್ದರೆ ತೊಂದರೆಯಿಲ್ಲ, ಹಿಂದೆ ಸ್ಪೇಸರ್ ಎಂಬ ಬಿಲ್ಲೆ ಹಾಕಿ ಬೆಳೆದಂತೆ ಉದ್ದ ಮಾಡಬಹುದು. ತೂಕ ಎರಡೂವರೆ, ಮೂರು ಕಿಲೋ ಸಾಕು. ಸ್ಪರ್ಧೆಯಲ್ಲಿ ಇನ್ನೂ ಹೆಚ್ಚು ತೂಕಕ್ಕೆ ಅವಕಾಶವಿದೆಯೆಂದು ಈಗಲೇ ಭಾರದ್ದು ಹೊರಿಸಿದರೆ ಬೇಗ ದಣಿಯುತ್ತಾಳೆ, ದಣಿದ ಮೇಲೆ ಕಲಿಯುವುದೆಲ್ಲ ತಪ್ಪು ಅಭ್ಯಾಸವೇ.

ಅವಳ ಯಾವ ಕಣ್ಣು ಪ್ರಧಾನ ಎಂದೂ ನೋಡಿ. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ವಸ್ತುವೊಂದನ್ನು ಅದರಲ್ಲಿ ನೋಡುತ್ತಾ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ವಸ್ತು ಕಿಂಡಿಯೊಳಗೇ ಉಳಿಯುತ್ತದೋ ಅದು ಪ್ರಧಾನ. ಬಲಗೈಯವಳಾಗಿದ್ದು ಎಡಗಣ್ಣು ಪ್ರಧಾನವಾದರೆ, ರೈಫಲ್ ಕೊಳ್ಳುವ ಮೊದಲೇ ಕೋಚ್ ಜೊತೆ ಮಾತಾಡಿ.

ಬೋಲ್ಟ್ ಆಕ್ಷನ್ನೇ, ಅಂದರೆ ಪ್ರತಿ ಹೊಡೆತಕ್ಕೂ ಕೈಯಿಂದ ಬೋಲ್ಟ್ ಎಳೆದು ಕಾಡತೂಸು ತುಂಬುವಂಥದ್ದೇ ತೆಗೆದುಕೊಳ್ಳಿ. ಸಿಜೆಡ್ 457, ಟಿಕ್ಕಾ ಟಿ1ಎಕ್ಸ್, ಸಾವೇಜ್ ಮಾರ್ಕ್ 2, ರೂಗರ್ ಅಮೆರಿಕನ್ ರಿಮ್‌ಫೈರ್ ಇವುಗಳಲ್ಲಿ ಯಾವುದಾದರೂ ಸರಿ. ಪುಟ್ಟಿಯ ಅಳತೆಗೆ 457ರಲ್ಲೇ ಸ್ಕೌಟ್ ಎಂಬ ಗಿಡ್ಡ ಮಾದರಿ ಇದೆ. ಭಾವನಿಗೆ ಇಷ್ಟವಾದ ರೂಗರ್ 10/22 ಒಳ್ಳೆಯ ಬಂದೂಕೇ, 1964ರಿಂದ ಮಾರಾಟದಲ್ಲಿದೆ. ಆದರೆ ಅದು ಸೆಮಿ ಆಟೊಮ್ಯಾಟಿಕ್. ಒಂದು ಹೊಡೆತದ ಹಿಂದೆಯೇ ಇನ್ನೊಂದು ಸಿದ್ಧವಿರುವುದರಿಂದ ಕಲಿಯುವವರು ಯೋಚಿಸದೆ ಮ್ಯಾಗಜಿನ್ ಖಾಲಿ ಮಾಡುತ್ತಾರೆ. ಬೋಲ್ಟ್ ಎಳೆಯುವ ಆ ಎರಡು ಕ್ಷಣ ಹಿಂದಿನ ಹೊಡೆತ ಎಲ್ಲಿ ತಪ್ಪಿತೆಂದು ಯೋಚಿಸುವ ಸಮಯ.

ಟ್ರಿಗರ್ ಒಂದರಿಂದ ಒಂದೂವರೆ ಕಿಲೋ ಒತ್ತಡಕ್ಕೆ ಬಿಡಬೇಕು. ಎಳೆಯುತ್ತಾ ಹೋದಂತೆ ಜಾರದೆ ಚಕ್ಕನೆ ಮುರಿದಂತಾಗಬೇಕು. ಪರೀಕ್ಷಿಸುವಾಗ ಖಾಲಿ ಹೊಡೆಯಬೇಡಿ. ರಿಮ್‌ಫೈರ್ ಕಾಡತೂಸಿನಲ್ಲಿ ಸಿಡಿಮದ್ದು ಇರುವುದು ಅಂಚಿನಲ್ಲಿ, ಹಾಗಾಗಿ ಪಿನ್ ಬೀಳುವುದೂ ಅಂಚಿಗೇ. ಕಾಡತೂಸು ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಪಿನ್ ಚೇಂಬರಿನ (ಕಾಡತೂಸು ಕೂರುವ ಗೂಡಿನ) ಅಂಚನ್ನೇ ಕುಟ್ಟಿ ಹಳ್ಳ ಮಾಡುತ್ತದೆ. ಆಮೇಲೆ ಕಾಡತೂಸಿನ ಕೊಳವೆ ಸಿಕ್ಕಿಕೊಳ್ಳುವುದು, ಮದ್ದು ಹತ್ತದಿರುವುದು ಶುರುವಾಗುತ್ತದೆ. ಪ್ಲಾಸ್ಟಿಕ್ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಣಕು ಕಾಡತೂಸು) ಹಾಕಿ ನೋಡಿ.

ಸ್ಕೋಪ್‌ಗೆ ಹೆಚ್ಚು ಹಣ ಸುರಿಯಬೇಡಿ. ಹಿಂದೆ ಸಣ್ಣ ರಂಧ್ರವಿರುವ ಪೀಪ್ ಸೈಟ್‌ನಿಂದಲೇ ಆರಂಭಿಸಿದರೆ ನನ್ನ ಮಟ್ಟಿಗೆ ಇನ್ನೂ ಒಳ್ಳೆಯದು. ಸ್ಕೋಪ್ ಬೇಕೇ ಬೇಕೆಂದರೆ ರಿಮ್‌ಫೈರ್‌ಗೆಂದು ಮಾಡಿದ, ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿ ಸರಿದಂತೆ ಕಾಣುವ ದೋಷ) 45–50 ಮೀಟರಿಗೆ ಹೊಂದಿಸಿದ, 4 ಪಟ್ಟು ದೊಡ್ಡದಾಗಿ ತೋರಿಸುವ ಸರಳವಾದದ್ದು ಸಾಕು. ದೊಡ್ಡ ರೈಫಲ್ಲಿನ ಸ್ಕೋಪ್ 90–100 ಮೀಟರಿಗೆ ಹೊಂದಿಸಿರುತ್ತಾರೆ. ಅದರಲ್ಲಿ ಹತ್ತಿರದ ಗುರಿ ನೋಡುವಾಗ ಕಣ್ಣು ಕೊಂಚ ಸರಿದರೂ ಗುರಿಗೆರೆಗಳ ಕ್ರಾಸ್ ಸರಿದಂತೆ ಕಾಣುತ್ತದೆ. ಸ್ಕೋಪನ್ನು ಹಿಡಿದಿಡುವ ರಿಂಗ್‌ಗಳೂ ಹೊಂದಬೇಕು: ಸಿಜೆಡ್‌ಗೆ 11 ಮಿ.ಮೀ. ಡವ್‌ಟೇಲ್ ಮಾದರಿಯವು ಬೇಕು, ಎಷ್ಟೋ ಬೇರೆ ರೈಫಲ್‌ಗಳಿಗೆ ವೀವರ್ ಮಾದರಿಯವು. ಕೆನ್ನೆ ಬಟ್ಟಿನ ಮೇಲೆ ಒರಗಿದಾಗ ಕಣ್ಣು ತಾನಾಗಿ ಸ್ಕೋಪ್ ನಡುವೆ ಬರಬೇಕು. ಬಾರದಿದ್ದರೆ ಬಟ್ಟಿನ ಮೇಲೆ ಫೋಮ್ ಕಟ್ಟಿ ಎತ್ತರಿಸಿ.

ಉಳಿದ ಹಣವೆಲ್ಲ ಕಾಡತೂಸಿಗೆ ಇರಲಿ. ರೈಫಲ್‌ನಿಂದ ರೈಫಲ್‌ಗೆ, ಒಂದೇ ಮಾಡೆಲ್ ಆದರೂ, ಇಷ್ಟವಾಗುವ ಕಾಡತೂಸು ಬೇರೆ. ನಾಲ್ಕೈದು ಬಗೆಯ 50ರ ಡಬ್ಬಿಗಳನ್ನು ತಂದು, ಚೀಲದ ಮೇಲೆ ರೈಫಲ್ ಒರಗಿಸಿ 50 ಮೀಟರಿನಲ್ಲಿ ಪ್ರತಿ ಬಗೆಯಲ್ಲೂ ಐದೈದು ಗುಂಡುಗಳಂತೆ ಐದು ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು) ಹೊಡೆಯಿರಿ. ಬಗೆ ಬದಲಿಸಿದಾಗಲೆಲ್ಲ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಳಿಗೆಯೊಳಗೆ ಹಿಂದಿನದರ ಮೇಣ ಉಳಿದಿರುತ್ತದೆ. ಒಂದೇ ಒಂದು ಚಂದದ ಗ್ರೂಪ್ ನೋಡಿ ನಂಬಬೇಡಿ. ಗೆದ್ದ ಬಗೆಯನ್ನು ಒಂದೇ ಲಾಟ್ (ಒಟ್ಟಿಗೆ ತಯಾರಾದ ಕಂತಿನ) ಸಂಖ್ಯೆಯಲ್ಲಿ ಹೆಚ್ಚಾಗಿ ಕೊಳ್ಳಿ. ಡಬ್ಬಿ ಮೇಲೆ ಸ್ಟ್ಯಾಂಡರ್ಡ್ ವೆಲಾಸಿಟಿ ಎಂದಿರಲಿ. ಆ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದಕ್ಕಿಂತ ತುಸು ನಿಧಾನ. ಹೈ ವೆಲಾಸಿಟಿಯದು 380ರ ಆಸುಪಾಸಿನಲ್ಲಿ ಹೊರಟು ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಆ ಹಂತದಲ್ಲಿ ಗುಂಡು ಓಲಾಡುವುದರಿಂದ ಗ್ರೂಪ್ ಹರಡುತ್ತದೆ. 50 ಮೀಟರಿಗೆ ಹೊಂದಿಸಿದ ರೈಫಲ್ 100ರಲ್ಲಿ 20 ಸೆಂ.ಮೀ.ಗಿಂತಲೂ ಕೆಳಗೆ ಬೀಳಿಸುತ್ತದೆ ಎಂಬುದೂ ನೆನಪಿರಲಿ.

ಚೆನ್ನಾಗಿದ್ದ ರೈಫಲ್ ಒಮ್ಮೆಲೇ ಚದುರಿ ಹೊಡೆಯತೊಡಗಿದರೆ ಮೊದಲು ಸ್ಕ್ರೂಗಳನ್ನು ನೋಡಿ, ಸ್ಟಾಕ್ (ಬಂದೂಕಿನ ಹಿಡಿಕಟ್ಟು) ಹಿಡಿದವು, ರಿಂಗ್ ಹಿಡಿದವು ಎರಡನ್ನೂ. ಬಹುತೇಕ ದೋಷ ಅಲ್ಲಿಯೇ ಇರುತ್ತದೆ. ನಳಿಗೆಯನ್ನು ಪದೇ ಪದೇ ಉಜ್ಜುವ ಅಗತ್ಯವಿಲ್ಲ. ಉಜ್ಜುವುದಾದರೆ ಬೋಲ್ಟ್ ತೆಗೆದು ಹಿಂದಿನಿಂದಲೇ ಉಜ್ಜಿ. ಮುಂದಿನಿಂದ ಸರಳು ತುರುಕಿದರೆ ನಳಿಗೆಯ ಬಾಯಿಯ ಅಂಚು ಸವೆದು ಗುರಿಯೇ ಹಾಳು.

ಟ್ರಿಗರ್ ಎಳೆದರೂ ಮದ್ದು ಹತ್ತದಿದ್ದರೆ ನಳಿಗೆಯ ಬಾಯಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡು ಕಾದು, ಆಮೇಲೆ ಬೋಲ್ಟ್ ತೆರೆಯಲಿ. ಸದ್ದು ಎಂದಿಗಿಂತ ಮೆಲ್ಲಗೆ ಕೇಳಿದರೆ ಅಲ್ಲಿಗೇ ನಿಲ್ಲಿಸಲಿ, ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಉಬ್ಬುತ್ತದೆ. ಗುಂಡು ಸಣ್ಣದೆಂದು ಸಸಾರ ಬೇಡ, ಒಂದೂವರೆ ಕಿ.ಮೀ.ಗೂ ಮೀರಿ ಹೋಗುತ್ತದೆ, ನೀರು ಕಲ್ಲಿಗೆ ತಗುಲಿ ದಿಕ್ಕು ಬದಲಿಸುತ್ತದೆ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಯಾವಾಗಲೂ ಇರಲಿ. ಮುಗಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬಾರದು, ಗುಂಡು ಸೀಸದ್ದು. ಮನೆಯಲ್ಲಿ ರೈಫಲ್ ಒಂದು ಬೀಗದಲ್ಲಿ, ಬೋಲ್ಟ್ ಮತ್ತು ಕಾಡತೂಸು ಇನ್ನೊಂದರಲ್ಲಿ. ಎರಡರ ಕೀಲಿಯೂ ಅಕ್ಕನ ಹತ್ತಿರ.

ಅಳೆಯುವಾಗ ಪುಟ್ಟಿ ಶೂಟಿಂಗ್ ಜಾಕೆಟ್ ಹಾಕಿಕೊಂಡಿರಲಿ, ಅದರ ದಪ್ಪಕ್ಕೇ ಒಂದೆರಡು ಸೆಂ.ಮೀ. ಹೋಗುತ್ತದೆ. ಅಳತೆ ಬರೆದು ಕಳಿಸಿದರೆ ಯಾವ ಮಾಡೆಲ್ ಎಂದು ತಿಳಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ ತಮ್ಮ