ಎರಡು ಹಾಳೆಯಲ್ಲಿ ಮಾಡಬೇಕಾದ ಲೆಕ್ಕ

ಉಡುಪಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಆಟಿಯ ಮಳೆ ಬಿಡದೆ ಸುರಿಯುತ್ತಿರುವುದರಿಂದ ನಿನ್ನ ಪತ್ರವನ್ನು ಎರಡು ಸಲ ಓದುವಷ್ಟು ಪುರುಸೊತ್ತು ಸಿಕ್ಕಿತು. 2ರ 13,62,79,841ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಅವಿಭಾಜ್ಯವೆಂದು 2024ರ ಅಕ್ಟೋಬರಿನಲ್ಲಿ ಪ್ರಕಟವಾದದ್ದನ್ನು ಓದಿ, ಅದಕ್ಕಿಂತ ದೊಡ್ಡದನ್ನು ಹುಡುಕಲು ಕಂಪ್ಯೂಟರ್ ಬೇಕೆಂದು ಅಪ್ಪನಲ್ಲಿ ಹಟ ಹಿಡಿದಿದ್ದೀಯಂತೆ. 4,10,24,320 ಅಂಕಿಗಳ ಸಂಖ್ಯೆ ಯಾರನ್ನಾದರೂ ಮರುಳುಮಾಡೀತು. ಆದರೆ ಘಾತಾಂಕ ಅವಿಭಾಜ್ಯವಾಗಿದ್ದರೆ ಸಾಕು, ಫಲವೂ ಅವಿಭಾಜ್ಯವೇ ಎಂದು ನೀನು ಬರೆದಿರುವುದು ಸರಿಯಲ್ಲ. 2, 3, 5, 7ಕ್ಕೆ ಕ್ರಮವಾಗಿ 3, 7, 31, 127 ಬಂದದ್ದನ್ನು ನೋಡಿ ಅಲ್ಲಿಗೇ ನಿಂತಿರಬೇಕು. ಮುಂದಿನ 11ಕ್ಕೆ ಬರುವ 2047 ಎಂದರೆ 23 ಗುಣಿಸು 89. ಘಾತಾಂಕ ಭಾಜ್ಯವಾದರೆ ಫಲ ಭಾಜ್ಯವೆಂಬುದು ನಿಜ, ಅದರ ವಿಲೋಮ ನಿಜವಲ್ಲ.

ಇದಕ್ಕೆ ನಾಚಿಕೊಳ್ಳಬೇಡ. ಈ ಬಗೆಯ ಸಂಖ್ಯೆಗಳಿಗೆ ಯಾರ ಹೆಸರಿದೆಯೋ ಆ ಫ್ರೆಂಚ್ ಸನ್ಯಾಸಿ ಮೆರ್ಸೆನ್ ಕೂಡ, ಅವಿಭಾಜ್ಯ ಫಲ ಕೊಡುವ ಘಾತಾಂಕಗಳ 1644ರ ತನ್ನ ಪಟ್ಟಿಯಲ್ಲಿ 67ನ್ನು ತಪ್ಪಾಗಿ ಸೇರಿಸಿದ್ದ. 2ರ 67ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಭಾಜ್ಯವೆಂದು ಫ್ರೆಂಚ್ ಗಣಿತಜ್ಞ ಲ್ಯೂಕಾ 1876ರಲ್ಲಿ ಸಾಧಿಸಿದನಾದರೂ ಅದು ಯಾವುದರಿಂದ ಭಾಗವಾಗುತ್ತದೆಂದು ಹೇಳಲಾಗಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಕೋಲ್ ಎಂಬಾತ ಮಾತೇ ಆಡದೆ ಕರಿಹಲಗೆಯ ಮೇಲೆ 19,37,07,721ನ್ನು 7,61,83,82,57,287ರಿಂದ ಗುಣಿಸಿ ಅದೇ ಸಂಖ್ಯೆ ಬರುವುದನ್ನು ತೋರಿಸಿದ. ಭಾಜ್ಯವೆಂದು ತಿಳಿಯುವುದು ಬೇರೆ, ಅಪವರ್ತನ ಕೈಗೆ ಸಿಗುವುದು ಬೇರೆ.

ಲ್ಯೂಕಾ ಕಂಡುಹಿಡಿದು, ಮುಂದೆ ಲೆಹ್ಮರ್ ಸರಳಗೊಳಿಸಿದ, ಇಂಥ ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಪರೀಕ್ಷೆಗೆ ಗುಣಾಕಾರ, ಭಾಗಾಕಾರ ಬಂದರೆ ಸಾಕು. ಘಾತಾಂಕ 7ಕ್ಕೆ ಬರುವ 127ನ್ನೇ ಪರೀಕ್ಷಿಸೋಣ. 4ರಿಂದ ಹೊರಡು, ವರ್ಗ ಮಾಡಿ 2 ಕಳೆ, ಬಂದದ್ದನ್ನು 127ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡು ಮತ್ತೆ ಹಾಗೆಯೇ ಮಾಡು. 14, 67, 42, 111, ಐದನೆಯದು 0. ಘಾತಾಂಕ 2ರ ಹೊರತು ಬೇರೆ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2047ಕ್ಕೆ ಒಂಬತ್ತನೆಯ ಸಲ 1736 ಉಳಿಯುತ್ತದೆ.

ನಿನ್ನ ವಯಸ್ಸಿನಲ್ಲಿ ನಾನು ಚಾವಡಿಯಲ್ಲಿ ಕುಳಿತು, ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಇದೇ 127ನ್ನು ಪರೀಕ್ಷಿಸಿದ್ದೆ. 42ರ ವರ್ಗ 1764ರಿಂದ 2 ಕಳೆಯಲು ಮರೆತು 111ರ ಜಾಗದಲ್ಲಿ 113 ಬರೆದೆ. ಕೊನೆಗೆ 67 ಉಳಿಯಿತು. 127 ಭಾಜ್ಯವೆಂದು ಮನೆಗೆಲ್ಲ ಸಾರಿದಾಗ ನಿನ್ನ ಅಜ್ಜ ಬೈಯಲಿಲ್ಲ, "ಯಾವುದರಿಂದ ಭಾಗವಾಗುತ್ತದೆ, ಹೇಳು" ಎಂದಷ್ಟೇ ಕೇಳಿದರು. 2, 3, 5, 7, 11, ಯಾವುದರಿಂದಲೂ ಆಗಲಿಲ್ಲ. ನಡುವೆ ಒಂದೇ ಒಂದು ಅಂಕಿ ಕೆಟ್ಟರೂ ಕೊನೆಯ ಶೇಷ ಕೆಡುತ್ತದೆ, ಕೆಟ್ಟಿತೆಂದು ಅದು ತಾನಾಗಿ ಹೇಳುವುದೂ ಇಲ್ಲ. ಆದ್ದರಿಂದಲೇ 2024ರ ಸಂಖ್ಯೆಯನ್ನೂ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಮುಗಳಿಂದ ಮತ್ತೆ ಪರೀಕ್ಷಿಸಿ ನೋಡಿದ ಮೇಲೆಯೇ ಪ್ರಕಟಿಸಿದರು.

ಈಗ ನೀನು 13ನ್ನು ತೆಗೆದುಕೋ. ಸಂಖ್ಯೆ 8191, ಹನ್ನೊಂದು ಸಲದ ಲೆಕ್ಕ. ಒಂದು ಹಾಳೆಯಲ್ಲಿ ಮುಗಿಸಿ ಮಡಚಿಡು. ಮರುದಿನ ಅದನ್ನು ನೋಡದೆ ಇನ್ನೊಂದು ಹಾಳೆಯಲ್ಲಿ ಮಾಡು. ಹೊಡೆದು ತಿದ್ದಿದ್ದನ್ನು ಅಳಿಸದೆ ಎರಡನ್ನೂ ಅಂಚೆಯಲ್ಲಿ ಕಳುಹಿಸು. ಅವು ಕೈಸೇರಿದ ಮೇಲೆ ಕಂಪ್ಯೂಟರಿನ ವಿಷಯ ನಿನ್ನ ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ