ಕೆಂಟಕಿಯ ಬೆಂಚ್ ನೋಡಿ

ಮಾನ್ಯರೇ,

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಆಟಗಾರರನ್ನು ಕೊಟ್ಟ ಕಾಲೇಜುಗಳ ಮಾತು ಬಂದರೆ ಅಲ್ಲಿನ ಕೆಂಟಕಿ ವಿಶ್ವವಿದ್ಯಾಲಯದ ಹೆಸರು ಬಂದೇ ಬರುತ್ತದೆ. ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2010ರ ಮೊದಲ ಸುತ್ತಿನಲ್ಲೇ ಕೆಂಟಕಿಯ ಐವರು. 2012ರಲ್ಲಿ ಮೊದಲ ಎರಡೂ ಆಯ್ಕೆ ಅಲ್ಲಿನವೇ. ಆದರೆ ಈ ತಂಡದ ನಿಜವಾದ ಹೆಗ್ಗಳಿಕೆ ಅದರ ಬೆಂಚ್‌ನಲ್ಲಿ, ಅಂದರೆ ಬದಲಿ ಆಟಗಾರರಲ್ಲಿ ಇದೆ.

2014–15ರಲ್ಲಿ ಕೋಚ್ ಜಾನ್ ಕ್ಯಾಲಿಪರಿ ಹತ್ತು ಮಂದಿಯನ್ನು ಎರಡು ಗುಂಪು ಮಾಡಿ, ಆಟದ ನಡುವೆ ಅಂಕಣದಲ್ಲಿದ್ದ ಐವರನ್ನೂ ಒಟ್ಟಿಗೇ ಬದಲಿಸುತ್ತಿದ್ದರು. 40 ನಿಮಿಷದ ಪಂದ್ಯದಲ್ಲಿ ಡೆವಿನ್ ಬುಕರ್‌ಗೆ ಸಿಗುತ್ತಿದ್ದುದು ಹೆಚ್ಚುಕಡಿಮೆ ಅರ್ಧ, ಗಳಿಕೆ ಸರಾಸರಿ 10 ಅಂಕ. ಡ್ರಾಫ್ಟ್‌ನಲ್ಲಿ 13ನೆಯವರಾದರು. 2017ರಲ್ಲಿ ಒಂದೇ ಎನ್‌ಬಿಎ ಪಂದ್ಯದಲ್ಲಿ 70 ಅಂಕ ಹೊಡೆದರು! 2018ರಲ್ಲಿ 11ನೆಯವರಾಗಿ ಹೋದ ಶೇ ಗಿಲ್ಜಸ್-ಅಲೆಕ್ಸಾಂಡರ್ 2025ರ ಎಂವಿಪಿ (ಎನ್‌ಬಿಎಯ ವರ್ಷದ ಅತ್ಯುತ್ತಮ ಆಟಗಾರ).

ಎನ್‌ಬಿಎಗೆ ಇಷ್ಟು ಮಂದಿಯನ್ನು ಕೊಟ್ಟದ್ದಕ್ಕೆ ತಂಡ ತೆತ್ತ ಬೆಲೆಯೂ ಇದೆ. ಹೈಸ್ಕೂಲ್ ಮುಗಿಸಿ ಒಂದು ವರ್ಷವಾಗಿ, 19 ತುಂಬುವ ವರ್ಷವಾದರೆ ಡ್ರಾಫ್ಟ್‌ಗೆ ಹೋಗಬಹುದು. ಹಾಗಾಗಿ ಪ್ರತಿಭಾವಂತರು ಒಂದೇ ಋತು ಆಡಿ ಹೊರಡುತ್ತಾರೆ, ರಕ್ಷಣೆಯ ಹೊಂದಾಣಿಕೆಯನ್ನು ಮತ್ತೆ ಮೊದಲಿನಿಂದ ಕಟ್ಟಬೇಕು. ಕ್ಯಾಲಿಪರಿಯ 15 ವರ್ಷಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಒಮ್ಮೆ ಮಾತ್ರ, 2012ರಲ್ಲಿ. ಸತತ 38 ಪಂದ್ಯ ಗೆದ್ದ 2015ರ ತಂಡವೂ ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ ಸೋತಿತು.

ಬೆಂಚ್‌ನಲ್ಲಿರುವವರ ಪ್ರತಿಭೆ ಕಾಣುವಂತೆ, ದಯವಿಟ್ಟು ಕ್ರೀಡಾಪುಟದಲ್ಲಿ ಅಂಕಗಳ ಪಕ್ಕದಲ್ಲಿ ಆಡಿದ ನಿಮಿಷಗಳನ್ನೂ ಅಚ್ಚು ಮಾಡಿ.